ಹಳೇ ಡೀಸೆಲ್ ಕಾರಿನ ಬ್ರೇಕ್: ಮಡಿಕೇರಿಯಲ್ಲಿ ನಾನು ದೋಷ ಹುಡುಕುವ ಬಗೆ

‘ಬ್ರೇಕ್ ಹಿಡೀತಿಲ್ಲ’ ಎಂದು ಕಾರು ಬಂದರೆ ಚಕ್ರ ಬಿಚ್ಚುವ ಮೊದಲು ಪೆಡಲ್ ತುಳಿದು ನೋಡುತ್ತೇನೆ. ಕಲ್ಲಿನ ಹಾಗೆ ಗಟ್ಟಿಯೋ, ಮೆತ್ತಗೆ ಒಳಗೆ ಹೋಗುತ್ತದೋ? ಇವೆರಡರ ದಾರಿ ಬೇರೆ ಬೇರೆ.

ಗಟ್ಟಿಯಿದ್ದರೆ, ಇಂಜಿನ್ ಆಫ್ ಮಾಡಿ ಐದಾರು ಸಲ ತುಳಿದು, ಕಾಲು ಒತ್ತಿಕೊಂಡೇ ಸ್ಟಾರ್ಟ್ ಮಾಡಬೇಕು. ಪೆಡಲ್ ಸ್ವಲ್ಪ ಕೆಳಗಿಳಿದರೆ ಬೂಸ್ಟರ್, ಅಂದರೆ ಗಾಳಿಯ ಎಳೆತದಿಂದ ಕಾಲಿನ ಬಲ ಹೆಚ್ಚಿಸುವ ಡಬ್ಬಿ, ಕೆಲಸ ಮಾಡುತ್ತಿದೆ. ಇಳಿಯದಿದ್ದರೆ ಅದಕ್ಕೆ ಎಳೆತ ಕೊಡುವ ವ್ಯಾಕ್ಯೂಮ್ ಪಂಪು ನೋಡಿ. ಹಳೇ ಡೀಸೆಲ್ ಇಂಜಿನ್ನಿನಲ್ಲಿ ಪೆಟ್ರೋಲ್ ಗಾಡಿಯಂತೆ ಗಾಳಿ ತಡೆಯುವ ಥ್ರಾಟಲ್ ಇಲ್ಲ. ಇಂಜಿನ್ನಿಗೆ ಗಾಳಿ ಒಯ್ಯುವ ಮ್ಯಾನಿಫೋಲ್ಡಿನಿಂದ ಎಳೆತ ಸಿಗದು. ಅದಕ್ಕೇ ಪ್ರತ್ಯೇಕ ಪಂಪು, ಎಷ್ಟೋ ಗಾಡಿಗಳಲ್ಲಿ ಆಲ್ಟರ್ನೇಟರಿನ ಬೆನ್ನಿಗೇ.

ಪಂಪಿನ ಹೋಸಿಗೆ ಗೇಜ್ ಹಾಕುವಾಗ ಊರಿನ ಎತ್ತರ ಮರೆಯಬಾರದು. ಮಂಗಳೂರಿನಲ್ಲಿ 27 ಇಂಚು (ಪಾದರಸದ ಲೆಕ್ಕದಲ್ಲಿ) ಎಳೆತ ತೋರಿಸುವ ಪಂಪು ಸುಮಾರು 1,150 ಮೀಟರ್ ಎತ್ತರದ ಮಡಿಕೇರಿಯಲ್ಲಿ 23ರ ಆಸುಪಾಸು ನಿಲ್ಲುತ್ತದೆ. ಇಲ್ಲಿನ ಗಾಳಿಯ ಒತ್ತಡವೇ 26 ಇಂಚಿನಷ್ಟು, ಇನ್ನು 27 ಎಲ್ಲಿಂದ ಬರಬೇಕು? ಕರಾವಳಿಯ ಲೆಕ್ಕ ಹಿಡಿದು ಒಳ್ಳೇ ಪಂಪು ಬಿಸಾಡಬೇಡಿ. 15ರಲ್ಲೇ ನಿಂತರೆ ಮಾತ್ರ ಪಂಪಿನೊಳಗೆ ತಿರುಗುವ ರೆಕ್ಕೆ (ವೇನ್) ಸವೆದಿದೆ, ಇಲ್ಲವೇ ಪಂಪಿಗೆ ಬರುವ ಆಯಿಲ್ ಪೈಪು ಕಟ್ಟಿದೆ. ಪಂಪು ಸರಿಯಿದ್ದೂ ಪೆಡಲ್ ಗಟ್ಟಿಯಿದ್ದರೆ ಬೂಸ್ಟರಿನ ಹೋಸ್ ಕಿತ್ತು ಬೆರಳಿಟ್ಟು ನೋಡಿ. ಬೆರಳಿಗೆ ಕಪ್ಪು ಇಂಜಿನ್ ಆಯಿಲ್ ಅಂಟಿದರೆ ಒನ್‌ವೇ ವಾಲ್ವ್ ಹೋಗಿದೆ, ಆ ಆಯಿಲ್ ಕುಡಿದು ಬೂಸ್ಟರಿನ ರಬ್ಬರೂ ಊದಿರುತ್ತದೆ. ವಾಲ್ವ್ ಒಂದನ್ನೇ ಬದಲಿಸಿದರೆ ದುಡ್ಡು ದಂಡ.

ಮೆತ್ತಗಿನ ಪೆಡಲ್ ಇಲ್ಲಿ ಹೆಚ್ಚಾಗಿ ಸಂಪಾಜೆ ಘಾಟಿ ಇಳಿದವರ ದೂರು. ಇಳಿಜಾರಿನ ಕೊನೆಗೆ ಪೆಡಲ್ ತಳ ಮುಟ್ಟಿ, ಅರ್ಧ ಗಂಟೆ ತಣಿದ ಮೇಲೆ ಸರಿಯಾದರೆ ಬ್ರೇಕ್ ಆಯಿಲ್ ಕುದಿದಿದೆ. ಡಾಟ್ 3 ದರ್ಜೆಯ ಬ್ರೇಕ್ ಆಯಿಲ್ ಹೊಸದಿದ್ದಾಗ ಕುದಿಯಲು ಕನಿಷ್ಠ 205 ಡಿಗ್ರಿ ಬೇಕು. ನೂರಕ್ಕೆ ಮೂರೂವರೆ ಪಾಲು ನೀರು ಹೀರಿಕೊಂಡರೆ 140ರ ಹತ್ತಿರವೇ ಸಾಕು. ನಮ್ಮ ಮಳೆಗಾಲದ ತೇವದಲ್ಲಿ ಎರಡು ವರ್ಷ ದಾಟಿಸಲು ನಾನು ಬಿಡುವುದಿಲ್ಲ. ತಣ್ಣಗಿರುವಾಗಲೂ ಮೆತ್ತಗಿದ್ದು, ನಾಲ್ಕು ಸಲ ತುಳಿದರೆ ಮೇಲೇರಿದರೆ ಲೈನಿನಲ್ಲಿ ಗಾಳಿ ಇದೆ ಅಥವಾ ಹಿಂದಿನ ಚಕ್ರದ ಡ್ರಮ್ಮಿಗೆ ಒತ್ತುವ ಶೂ ಸಡಿಲ. ಕಾಲು ಹಗುರಾಗಿ ಒತ್ತಿ ಹಿಡಿದಾಗ ಪೆಡಲ್ ಮೆಲ್ಲಗೆ ಜಾರುತ್ತಾ, ಹೊರಗೆಲ್ಲೂ ಸೋರದಿದ್ದರೆ ಪೆಡಲಿನಿಂದ ಆಯಿಲ್ ತಳ್ಳುವ ಮಾಸ್ಟರ್ ಸಿಲಿಂಡರಿನ ಒಳಗಿನ ರಬ್ಬರ್ ಕಪ್ ಹೋಗಿದೆ. ಎಷ್ಟು ಬ್ಲೀಡ್ ಮಾಡಿದರೂ (ಲೈನಿನ ಗಾಳಿ ತೆಗೆದರೂ) ಅದು ನಿಲ್ಲದು.

ಬ್ರೇಕ್ ಹಾಕಿದಾಗ ಕಾರು ಒಂದೇ ಕಡೆ ಎಳೆದರೆ, ಡಿಸ್ಕನ್ನು ಹಿಡಿಯುವ ಕ್ಯಾಲಿಪರಿನ ಪಿನ್ ತುಕ್ಕು ಹಿಡಿದಿದೆಯೇ ನೋಡಿ. ಹಿಂದಿನ ಡ್ರಮ್ ಬಿಚ್ಚಿದಾಗ ವೀಲ್ ಸಿಲಿಂಡರಿನ ರಬ್ಬರ್ ಟೋಪಿಯ ಅಂಚನ್ನು ಎತ್ತಿ ನೋಡಿ, ಒಳಗೆ ಹಸಿಯಿದ್ದರೆ ಸಿಲಿಂಡರ್ ಬದಲಿಸಿ. ಆಯಿಲ್ ಕುಡಿದ ಶೂ ಒರೆಸಿ ಹಾಕಿದರೂ ಹಿಡಿಯುವುದಿಲ್ಲ. ಮಳೆಗಾಲದಲ್ಲಿ ಹ್ಯಾಂಡ್‌ಬ್ರೇಕ್ ಎಳೆದು ವಾರಗಟ್ಟಲೆ ಬಿಟ್ಟ ಕಾರಿನ ಶೂ ಡ್ರಮ್ಮಿಗೇ ಅಂಟುತ್ತದೆ. ತೋಟದ ಶೆಡ್ಡಿನಲ್ಲಿ ಗೇರ್ ಹಾಕಿ ಚಕ್ರಕ್ಕೆ ಕಲ್ಲು ಕೊಟ್ಟು ನಿಲ್ಲಿಸಿ.