ತೊಲೆ ಟೊಳ್ಳೇ? ಮೀಟರ್ ಹಿಡಿಯುವ ಮೊದಲು ಜೆಲ್ ನೋಡಿ

ಹಳೇ ಮನೆಯ ತೊಲೆ ಮೇಲೆ ಗಟ್ಟಿಯಾಗಿ ಕಂಡರೂ ಒಳಗೆ ಕೊಳೆತಿರಬಹುದು. ಕಾಂಕ್ರೀಟ್ ಪರೀಕ್ಷಿಸುವ 54 ಕಿಲೋಹರ್ಟ್ಸ್‌ನ ಅಲ್ಟ್ರಾಸಾನಿಕ್ ಮೀಟರ್ ಮರಕ್ಕೂ ನಡೆಯುತ್ತದೆ. ಒಂದು ಸೆನ್ಸರ್ ಬಿಟ್ಟ ತರಂಗ ಎದುರಿನ ಸೆನ್ಸರ್ ಮುಟ್ಟಲು ಎಷ್ಟು ಮೈಕ್ರೊಸೆಕೆಂಡ್ ಹಿಡಿಯಿತೆಂದು ಅದು ತೋರಿಸುತ್ತದೆ; ಒಳಗೆ ಕೊಳೆತಿದ್ದರೆ ಸಮಯ ಜಾಸ್ತಿ ಹಿಡಿಯುತ್ತದೆ. ಎಡವಟ್ಟಾಗುವುದು ಸೆನ್ಸರ್ ಮರಕ್ಕೆ ಕೂರುವ ಜಾಗದಲ್ಲಿ.

1. ತೊಲೆಯ ಎರಡೂ ಪಕ್ಕ ಎದುರುಬದುರಾಗಿ, 20 ಸೆಂ.ಮೀ.ಗೊಂದು ಗುರುತು ಹಾಕಿ. ಗೋಡೆಯೊಳಗೆ ಹೋಗುವ ತುದಿಯ ಬಳಿ 5 ಸೆಂ.ಮೀ.ಗೊಂದು ಇರಲಿ, ಕೊಳೆ ಹೆಚ್ಚಾಗಿ ಶುರುವಾಗುವುದೇ ಅಲ್ಲಿ. ಗಂಟು, ಬಿರುಕು ಬಿಡಿ.

2. ಬಣ್ಣ, ಹೊಗೆಮಸಿ ಕೆರೆದು 80, ಆಮೇಲೆ 120ರ ಸ್ಯಾಂಡ್‌ಪೇಪರ್ ಉಜ್ಜಿ.

3. ಈಗ ಜೆಲ್. ಸೆನ್ಸರಿಗೂ ಮರಕ್ಕೂ ನಡುವೆ ಕೂದಲೆಳೆಯಷ್ಟು ಗಾಳಿ ಉಳಿದರೂ ತರಂಗದ ಬಹುಪಾಲು ಅಲ್ಲಿಂದಲೇ ವಾಪಸ್. ಸಿಗ್ನಲ್ ಬಡವಾದರೆ ಮೀಟರ್ ಮೊದಲ ಅಲೆ ತಪ್ಪಿಸಿಕೊಂಡು ಎರಡನೆಯದನ್ನು ಹಿಡಿಯುತ್ತದೆ. 54 ಕಿಲೋಹರ್ಟ್ಸ್‌ನಲ್ಲಿ ಒಂದು ಅಲೆಯೆಂದರೆ ಸುಮಾರು 18 ಮೈಕ್ರೊಸೆಕೆಂಡ್. 15 ಸೆಂ.ಮೀ. ದಪ್ಪದ ತೊಲೆಯಲ್ಲಿ 100 ಬರಬೇಕಾದ್ದು 118 ಬಂದರೆ, ಚೆನ್ನಾಗಿರುವ ತೊಲೆಯೂ ಕೊಳೆತ ಲೆಕ್ಕಕ್ಕೆ ಸೇರುತ್ತದೆ.

ಸ್ಕ್ಯಾನಿಂಗ್ ಸೆಂಟರಿನ ನೀರಿನ ಜೆಲ್ ಬೇಡ. ಒಣಮರ ಅದನ್ನು ನಿಮಿಷಗಳಲ್ಲಿ ಕುಡಿದುಬಿಡುತ್ತದೆ, ರೀಡಿಂಗ್ ಜಾರುತ್ತ ಹೋಗುತ್ತದೆ. ಜೇನುತುಪ್ಪವೂ ಕೆಲಸ ಮಾಡುತ್ತದೆ, ಇರುವೆಗಳಿಗೂ. ಸಾದಾ ತೊಲೆಗೆ ಪೆಟ್ರೋಲಿಯಂ ಜೆಲ್ಲಿಯೇ ಸರಿ: ಸೆನ್ಸರ್ ಮುಖಕ್ಕೆ ಸವರಿ, ಮರಕ್ಕಿಟ್ಟು, ಸ್ವಲ್ಪ ತಿರುಗಿಸುತ್ತ ಒತ್ತಿ. ಅಂಚಿನ ಸುತ್ತಲೂ ಜೆಲ್ಲಿ ತೆಳ್ಳಗೆ ಹೊರಬಂದರೆ ಗಾಳಿ ಹೋಯಿತೆಂದು ಅರ್ಥ. ಅಂಕಿ ಇಳಿಯುತ್ತಿರುವಾಗ ಬರೆದುಕೊಳ್ಳಬೇಡಿ, ನಿಂತ ಮೇಲೆ ಬರೆಯಿರಿ. ಕೈಗಿಂತ ಕ್ಲ್ಯಾಂಪ್ ಒಳ್ಳೆಯದು, ಒತ್ತಡ ಎಲ್ಲ ಕಡೆ ಒಂದೇ ಇರುತ್ತದೆ. ಎತ್ತಿದರೆ ಪೂರ್ತಿ ಒರೆಸಿ ಹೊಸದಾಗಿ ಹಚ್ಚಿ.

ಜೆಲ್ಲಿ, ಗ್ರೀಸ್ ಹಚ್ಚಿದಲ್ಲಿ ಕಲೆ ಉಳಿಯುತ್ತದೆ, ಪಾಲಿಶ್ ಹಿಡಿಯುವುದಿಲ್ಲ. ಪಾಲಿಶ್ ಮಾಡಿದ ಕಂಬವಾದರೆ ಕೆರೆಯುವುದೂ ಬೇಡ, ಹಚ್ಚುವುದೂ ಬೇಡ, 1–2 ಮಿ.ಮೀ.ನ ಮೆತ್ತನೆ ಸಿಲಿಕೋನ್ ರಬ್ಬರ್ ಹಾಳೆಯಿಟ್ಟು ಕ್ಲ್ಯಾಂಪ್ ಬಿಗಿಯಿರಿ. ಅಡುಗೆಮನೆಯ ಕ್ಲಿಂಗ್ ಫಿಲ್ಮ್ ಹಾಸಿ ಮೇಲೆ ಜೆಲ್ ಹಚ್ಚುವ ಉಪಾಯ ನಂಬಬೇಡಿ, ಫಿಲ್ಮಿನ ಕೆಳಗಿನ ಗಾಳಿ ಅಲ್ಲೇ ಉಳಿಯುತ್ತದೆ.

4. ಮೀಟರಿನ ಜೊತೆ ಬಂದ ಸರಳಿಗೆ ಅದೇ ಜೆಲ್ಲಿ ಅಥವಾ ಅದೇ ರಬ್ಬರ್ ಇಟ್ಟು, ಮೀಟರ್ ತೋರಿಸುವ ಸಮಯವನ್ನು ಸರಳಿನ ಮೇಲೆ ಬರೆದ ಅಂಕಿಗೆ ಹೊಂದಿಸಿ.

5. ಪ್ರತಿ ಗುರುತಿನಲ್ಲೂ ಮೂರು ಸಲ ಅಳೆದು, ದೂರವನ್ನು ಸಮಯದಿಂದ ಭಾಗಿಸಿ. ಮರದ ಎಳೆಗೆ ಅಡ್ಡಲಾಗಿ ಸಾಮಾನ್ಯವಾಗಿ ಸೆಕೆಂಡಿಗೆ 1000–2000 ಮೀಟರ್ ಬರುತ್ತದೆ. ಅದೇ ತೊಲೆಯ ಗಟ್ಟಿ ನಡುಭಾಗದ ಜೊತೆ ಹೋಲಿಸಿ. ಬೇರೆ ಮರದ ಅಂಕಿ ಉಪಯೋಗಕ್ಕೆ ಬಾರದು. ಒದ್ದೆ ಮರದಲ್ಲೂ ವೇಗ ತಗ್ಗುತ್ತದೆ, ಹಾಗಾಗಿ ಮಳೆಗಾಲದಲ್ಲಿ ಅಳೆಯಬೇಡಿ.

ಎಲ್ಲಾದರೂ ಸಮಯ ಜಾಸ್ತಿ ಬಂದರೆ ಮೊದಲು ಜೆಲ್ಲಿ ಒರೆಸಿ ಮತ್ತೆ ಹಚ್ಚಿ ನೋಡಿ. ಆಗಲೂ ಹಾಗೇ ಇದ್ದರೆ 3 ಮಿ.ಮೀ. ಡ್ರಿಲ್‌ನಿಂದ ತೂತು ಕೊರೆಯಿರಿ, ಗರಿಗರಿ ಸುರುಳಿಯ ಬದಲು ಕಂದು ಪುಡಿ ಉದುರಿದರೆ ಬಡಗಿಯನ್ನು ಕರೆಸಿ.