ಚಾರಣಕ್ಕೆ ಎಷ್ಟು ಹೊತ್ತು ಬೇಕು? ದೂರದ ಜೊತೆ ಏರನ್ನೂ ಲೆಕ್ಕಕ್ಕೆ ಹಿಡಿಯಿರಿ

ಬೆಟ್ಟದಲ್ಲಿ ಮನೆ ಬಾಡಿಗೆಗೆ ಹಿಡಿದು ಸುತ್ತಲಿನ ಜಲಪಾತ, ಶಿಖರಗಳಿಗೆ ನಡೆದು ಹೋಗುವವರು ಪ್ರತಿ 5 ಕಿ.ಮೀ.ಗೆ 1 ಗಂಟೆ ಇಟ್ಟುಕೊಳ್ಳಿ, ಅದರ ಮೇಲೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ ಸೇರಿಸಿ. ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೇಸ್ಮಿತ್ 1892ರಲ್ಲಿ ಕೊಟ್ಟ ಲೆಕ್ಕ ಇದು. ಬೆಟ್ಟದಲ್ಲಿ ದೂರಕ್ಕಿಂತ ಏರೇ ಹೆಚ್ಚು ಹೊತ್ತು ತಿನ್ನುತ್ತದೆ: 6 ಕಿ.ಮೀ. ಹಾದಿಯಲ್ಲಿ 900 ಮೀಟರ್ ಹತ್ತಬೇಕಿದ್ದರೆ ಹೋಗುವುದಕ್ಕೇ 2 ಗಂಟೆ 42 ನಿಮಿಷ. ನಡುವೆ ಇಳಿದು ಮತ್ತೆ ಹತ್ತುವ ಏರುಗಳನ್ನೂ ಕೂಡಿಸಿ, ಬಹಳ ಜನ ಇದನ್ನೇ ಬಿಟ್ಟುಬಿಡುತ್ತಾರೆ. ವಿಶ್ರಾಂತಿ, ಊಟ, ಫೋಟೋ ಇದರಲ್ಲಿ ಸೇರಿಲ್ಲ. ಚಿಕ್ಕ ಮಕ್ಕಳಿದ್ದರೆ, ಹಾದಿ ಕೆಸರಾಗಿದ್ದರೆ, ಸಡಿಲ ಕಲ್ಲಿನ ಕಡಿದಾದ ಇಳಿಜಾರಿದ್ದರೆ ಈ ಲೆಕ್ಕ ನಿಲ್ಲುವುದಿಲ್ಲ. ಆಗ ಒಂದೂವರೆ ಪಟ್ಟು ಸಮಯ ಇಟ್ಟುಕೊಂಡೇ ಹೊರಡಿ.