ಆಟ ಕೊಳ್ಳುವ ಮುನ್ನ: ಕನ್ಸೋಲೋ, ಕಂಪ್ಯೂಟರೋ?

ಬದಿಯಡ್ಕ, ಪೆರ್ಲದ ಕಡೆಯ ಮನೆಗಳಲ್ಲಿ ಮಕ್ಕಳು ಆಟದ ಯಂತ್ರ ಬೇಕೆಂದಾಗ ಹಿರಿಯರು ಬೆಲೆಗಿಂತ ಮೊದಲು ವಿಚಾರಿಸಬೇಕಾದದ್ದು, ಹಣ ಕೊಟ್ಟ ಆಟ ಕೊನೆಗೆ ಯಾರ ಕೈಯಲ್ಲಿ ಉಳಿಯುತ್ತದೆ ಎಂಬುದನ್ನು.

ಕನ್ಸೋಲ್, ಅಂದರೆ ಆಟಕ್ಕೆಂದೇ ಮಾಡಿದ ಯಂತ್ರ, ಕೊಳ್ಳುವುದಾದರೆ ಡಿಸ್ಕ್ ಡ್ರೈವ್ ಇರುವುದನ್ನೇ ಆರಿಸಿ. ಎಕ್ಸ್‌ಬಾಕ್ಸ್ ಸೀರೀಸ್ ಎಸ್‌ನಲ್ಲಿ ಅದು ಇಲ್ಲ. ಡಿಸ್ಕನ್ನು ಆಡಿ ಮುಗಿಸಿ ಕುಂಬಳೆಯ ಗೆಳೆಯನಿಗೆ ಕೊಡಬಹುದು, ಮಂಗಳೂರಿನಲ್ಲಿ ಮಾರಲೂಬಹುದು. ಖಾತೆಗೆ ಅಂಟಿದ ಡಿಜಿಟಲ್ ಪ್ರತಿಗೆ ಆ ಸ್ವಾತಂತ್ರ್ಯವಿಲ್ಲ. ಆದರೂ ಪೆಟ್ಟಿಗೆಯ ಮೇಲಿನ ಸಣ್ಣಕ್ಷರಗಳನ್ನು ಓದಿ: ನಿಂಟೆಂಡೊ ಕಂಪನಿಯ ಸ್ವಿಚ್ 2 ಕನ್ಸೋಲಿನ ಗೇಮ್-ಕೀ ಕಾರ್ಡಿನಲ್ಲಿ ಆಟವೇ ಇರುವುದಿಲ್ಲ, ಅದನ್ನು ಡೌನ್‌ಲೋಡ್ ಮಾಡಿಕೊಳ್ಳಬೇಕು.

ಕಂಪ್ಯೂಟರಿನಲ್ಲಿ, ಆಟ ಮಾರುವ ಆನ್‌ಲೈನ್ ಅಂಗಡಿಯಾದ ಸ್ಟೀಮ್ ಕೊಡುವುದು ಬಳಕೆಯ ಪರವಾನಗಿ ಮಾತ್ರ. 2024ರ ಅಕ್ಟೋಬರಿನಿಂದ ಹಣ ಪಾವತಿಸುವ ಪುಟದಲ್ಲೇ ಆ ಮಾತು ಕಾಣಿಸುತ್ತದೆ. ಜಿಒಜಿ ಎಂಬ ಇನ್ನೊಂದು ಆನ್‌ಲೈನ್ ಅಂಗಡಿಯಲ್ಲಿ ಕೊಂಡ ಆಟದ ಆಫ್‌ಲೈನ್ ಇನ್‌ಸ್ಟಾಲರನ್ನು (ಇಂಟರ್ನೆಟ್ ಇಲ್ಲದೆಯೂ ಆಟವನ್ನು ಕಂಪ್ಯೂಟರಿಗೆ ಹಾಕಿಕೊಡುವ ಫೈಲನ್ನು) ಹೊರಗಿನ ಹಾರ್ಡ್‌ಡಿಸ್ಕಿಗೆ ಇಳಿಸಿಟ್ಟುಕೊಳ್ಳಬಹುದಾದ್ದರಿಂದ, ನನ್ನ ಮಟ್ಟಿಗೆ ಒಡೆತನಕ್ಕೆ ಅತಿ ಹತ್ತಿರದ ದಾರಿ ಇದೇ.

ಸದಾ ಇಂಟರ್ನೆಟ್ ಬೇಡುವ ಆಟದ ವಿಷಯದಲ್ಲಿ ಡಿಸ್ಕೂ ಕಾಪಾಡದು. 2014ರಲ್ಲಿ ಬಂದ ‘ದಿ ಕ್ರೂ’ ಆಟದ ಸರ್ವರುಗಳನ್ನು ಅದರ ಕಂಪನಿ ಯೂಬಿಸಾಫ್ಟ್ 2024ರ ಮಾರ್ಚ್ 31ರಂದು ನಿಲ್ಲಿಸಿದಾಗ, ಡಿಸ್ಕ್ ಕೈಯಲ್ಲಿದ್ದವರಿಗೂ ಆಡಲು ಆಗಲಿಲ್ಲ.

ಆದುದರಿಂದ ಸ್ಟೀಮ್‌ನಲ್ಲಿ ಕೊಂಡ ದಿನವೇ ಆಟವನ್ನು ಒಮ್ಮೆ ತೆರೆದು ಮುಚ್ಚಿ, ಸ್ಟೀಮನ್ನು ಆಫ್‌ಲೈನ್ ಮೋಡ್‌ಗೆ ಹಾಕಿ, ರೂಟರಿನ ವಯರ್ ಕಿತ್ತು ಮತ್ತೆ ತೆರೆಯಿರಿ. ತೆರೆಯದಿದ್ದರೆ, 14 ದಿನದೊಳಗೆ, ಆಡಿದ್ದು 2 ಗಂಟೆ ಮೀರುವ ಮೊದಲು, ಹಣ ವಾಪಸು ಕೇಳಿ.